ಕಲ್ಲಿದ್ದಲು ಗಣಿ ಮುಷ್ಕರದ ಸಿನಿಮಾ: ಗಣಿಯಲ್ಲಿ ದುಡಿದವರನ್ನೇ ಕೇಳಿ

ಅಡ್ಮಿನ್: ನಮ್ಮ ಗುಂಪಿನ ಒಂದು ತಂಡ 1960ರ ದಶಕದ, ಈಗಿನ ಜಾರ್ಖಂಡ್‌ನ ಝರಿಯಾದ ಗಣಿ ಮುಷ್ಕರದ ಕಥೆ ಇಟ್ಟುಕೊಂಡು ಬೆಂಗಳೂರಿನಲ್ಲೇ ಸೆಟ್ ಹಾಕುತ್ತಿದೆ. ಕಲ್ಲಿದ್ದಲು ಗಣಿಗಳಲ್ಲಿ 31 ವರ್ಷ ದುಡಿದು ಸುರಕ್ಷತಾ ಅಧಿಕಾರಿಯಾಗಿ ನಿವೃತ್ತರಾದ ವಿಜಯನಗರದ ಹಿರಿಯರು ಇವತ್ತು ಉತ್ತರ ಕೊಡುತ್ತಾರೆ. ಎಲ್ಲರೂ ಅವರನ್ನು ಗಣಿ ಮೇಷ್ಟ್ರು ಅನ್ನುತ್ತೇವೆ. ಕೇಳುವ ಮುಂಚೆ ಮೇಲಿನದನ್ನು ಓದಿ.

ವಸ್ತ್ರ ವಿಭಾಗ: ನಮಸ್ತೆ ಸರ್. ತಲೆ ಮೇಲಿನ ದೀಪಕ್ಕೆ ಹಳೇ ಕಾರ್ಬೈಡ್ ದೀಪ ಹಾಕಬಹುದಾ? ಎಲ್ಲಿ ಸಿಗುತ್ತೆ?

ಗಣಿ ಮೇಷ್ಟ್ರು: ನಮಸ್ಕಾರ ಕಣಮ್ಮ. ಕಾರ್ಬೈಡ್ ದೀಪದ ಉರಿ ಬಯಲಲ್ಲೇ ಇರುತ್ತೆ. ಕೆಜಿಎಫ್‌ನಂಥ ಚಿನ್ನದ ಗಣಿಯಲ್ಲಿ ನಡೆಯುತ್ತಿತ್ತು. ಬೆಂಕಿ ಹತ್ತುವ ಮೀಥೇನ್ ಅನಿಲ ಇರುವ ಕಲ್ಲಿದ್ದಲು ಗಣಿಗೆ ಅದನ್ನು ತಂದರೆ ದೀಪದ ಜೊತೆ ಎಲ್ಲರೂ ಹೋಗುತ್ತಾರೆ. ಸೊಂಟದಲ್ಲಿ ಬ್ಯಾಟರಿ, ಅಲ್ಲಿಂದ ವೈರು, ಹೆಲ್ಮೆಟ್ ಮೇಲೆ ದೀಪ. ಹಾಗೆ ತೋರಿಸಿ. ಎಸ್.ಪಿ. ರೋಡಿನಲ್ಲಿ ಮಾಡಿಸಿಕೊಳ್ಳಿ.

ಚಿತ್ರಕಥೆ ಬರೆಯುವವ: ಸರ್, ನಾಯಕಿ ಕೆಳಗೆ ಇಳಿದು ಬುಟ್ಟಿ ಹೊರುವ ದೃಶ್ಯ ಇದೆ. ತಪ್ಪಾಗುತ್ತಾ?

ಗಣಿ ಮೇಷ್ಟ್ರು: ಆಗುತ್ತೆ. 1937ರ ಹೊತ್ತಿಗೆ ಹೆಂಗಸರನ್ನು ಕೆಳಗಿನ ಕೆಲಸದಿಂದ ಪೂರ್ತಿ ತೆಗೆದಿದ್ದರು. ಯುದ್ಧಕಾಲದಲ್ಲಿ ಆಳು ಸಾಲದೆ 1943ರಲ್ಲಿ ಮತ್ತೆ ಇಳಿಸಿದರು, 1946ರಲ್ಲಿ ಮತ್ತೆ ನಿಲ್ಲಿಸಿದರು. ಆಮೇಲೆ ಕಾನೂನು ಸಡಿಲವಾಗಿದ್ದು 2019ರಲ್ಲಿ. ನಿಮ್ಮ ನಾಯಕಿ ಮೇಲೆ ಲೋಡಿಂಗ್ ಮಾಡಲಿ. ಅವಳ ಅಮ್ಮ ಕೆಳಗೆ ದುಡಿದವಳು ಅಂತ ಬೇಕಾದರೆ ಒಂದು ಮಾತಿನಲ್ಲಿ ತನ್ನಿ.

ಚಿತ್ರಕಥೆ ಬರೆಯುವವ: ಥ್ಯಾಂಕ್ಸ್ ಸರ್. ಇನ್ನೊಂದೇ. ಮುಷ್ಕರದ ಮೊದಲ ದಿನ ಸೈರನ್ ಕೂಗಲ್ಲ. ಎಲ್ಲ ಯಂತ್ರ ನಿಂತು ಇಡೀ ಗಣಿ ನಿಶ್ಶಬ್ದ. ಇದೇ ಇಂಟರ್ವಲ್. ಹೇಗಿದೆ?

ಗಣಿ ಮೇಷ್ಟ್ರು: ಕೇಳೋಕೆ ಚೆನ್ನಾಗಿದೆ. ಆದರೆ ಗಣಿ ಹಾಗೆ ಸುಮ್ಮನಾಗಲ್ಲ. ನೆಲದೊಳಗೆ ನೀರು ಒಸರುತ್ತಲೇ ಇರುತ್ತೆ, ಅದಕ್ಕೆ ಮುಷ್ಕರ ಗೊತ್ತಿಲ್ಲ. ಪಂಪು ನಿಂತರೆ ಕೆಳಗಿನ ಗ್ಯಾಲರಿಗಳು, ಅಂದರೆ ಸುರಂಗಗಳು, ಮುಳುಗುತ್ತವೆ. ಫ್ಯಾನು ನಿಂತರೆ ಮೀಥೇನ್ ಕಟ್ಟಿಕೊಳ್ಳುತ್ತೆ. ಮುಷ್ಕರ ಗೆದ್ದರೂ ವಾಪಸ್ ಹೋಗೋಕೆ ಗಣಿಯೇ ಇರಲ್ಲ. ಅದಕ್ಕೇ ಸಾಮಾನ್ಯವಾಗಿ ಪಂಪಿನವರನ್ನು, ಫ್ಯಾನಿನವರನ್ನು ಸಂಘದವರೇ ಒಳಗೆ ಬಿಡುತ್ತಾರೆ. 1921ರಲ್ಲಿ ಬ್ರಿಟನ್ನಿನಲ್ಲಿ ಪಂಪಿನವರನ್ನೂ ಹೊರಗೆ ಕರೆದುಬಿಟ್ಟರು. ಕೂಲಿ ಜಗಳ ಒಂದು ಕಡೆ ಇರಲಿ, ಆ ಪಂಪಿನದ್ದೇ ದೊಡ್ಡ ರಾದ್ಧಾಂತವಾಯಿತು. 1984-85ರಲ್ಲಿ ಅಲ್ಲೇ ಸುಮಾರು ಒಂದು ವರ್ಷ ಮುಷ್ಕರ ನಡೆದಾಗ ಸುರಕ್ಷತೆ ನೋಡಿಕೊಳ್ಳುವ ಡೆಪ್ಯುಟಿಗಳು ಇಳಿಯುತ್ತಲೇ ಇದ್ದರು, ಅವರ ಸಂಘವೇ ಬೇರೆ.

ಈಗ ನಿಮ್ಮ ಕಥೆಗೆ ಬನ್ನಿ. ಗಣಿಗೆ ಇಳಿಯುವ ಬಾವಿಯಂಥ ಶಾಫ್ಟಿಗೆ ಝರಿಯಾದಲ್ಲಿ ಚಾನಕ್ ಅನ್ನುತ್ತಾರೆ, ಪಂಪು ನಡೆಸುವವನಿಗೆ ಪಂಪ್ ಖಲಾಸಿ. ಇಡೀ ಕಾಲೊನಿ ಹಸಿದು ಕೂತಿದೆ. ಇವನೊಬ್ಬ ದಿನಾ ಊಟದ ಡಬ್ಬಿ ಹಿಡಿದು ಚಾನಕ್ ಕಡೆ ಹೋಗುತ್ತಾನೆ. ಸಂಘವೇ ಕಳಿಸಿದ್ದು ಅಂತ ಲೀಡರಿಗೆ ಗೊತ್ತು, ಪಕ್ಕದ ಮನೆಯವಳಿಗೆ ಗೊತ್ತಿಲ್ಲ. ಅವನ ಹೆಂಡತಿ ನೀರಿಗೆ ಹೋದರೆ ಉಳಿದವರು ಕೊಡ ಎತ್ತಿಕೊಂಡು ದೂರ ಸರಿಯುತ್ತಾರೆ. ನಿಶ್ಶಬ್ದ ಬಿಡಿ. ಆ ಪಂಪಿನ ಸದ್ದು ಇಂಟರ್ವಲ್‌ವರೆಗೂ ಕೇಳಿಸಲಿ.

ಚಿತ್ರಕಥೆ ಬರೆಯುವವ: ಸರ್... ಇವತ್ತು ರಾತ್ರಿ ನಿದ್ದೆ ಇಲ್ಲ ನನಗೆ.

ಹೊಸ ಸದಸ್ಯ: ಸರ್ ತಲೆ ದೀಪ ಎಲ್ಲಿ ಸಿಗುತ್ತೆ?

ಗಣಿ ಮೇಷ್ಟ್ರು: ಮೇಲಿದೆ.

ಕೋಲಾರದ ಹುಡುಗ: ನನಗೊಂದು ಅರ್ಥವಾಗಲ್ಲ. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಯೇ ಇಲ್ಲ. ರಾಯಚೂರಿನ ಶಾಖೋತ್ಪನ್ನ ಸ್ಥಾವರಕ್ಕೂ ತೆಲಂಗಾಣದ ಸಿಂಗರೇಣಿಯಿಂದ ತರಿಸುತ್ತಾರೆ. ಮನೆ ಪಕ್ಕದಲ್ಲೇ ಕೆಜಿಎಫ್ ಇಟ್ಟುಕೊಂಡು ಝರಿಯಾ ಯಾಕೆ? 1930ರಲ್ಲಿ ಬೆರಳಚ್ಚು ಕೊಡಲ್ಲ ಅಂತ ಕಾರ್ಮಿಕರು ಕೆಲಸ ಬಿಟ್ಟು ಕೂತರಲ್ಲ, ಅದು ಕಥೆ ಅಲ್ವಾ?

ರಾಜಾಜಿನಗರ ರಸಿಕ: ಅದರಲ್ಲಿ ಮುಕ್ಕಾಲು ಡೈಲಾಗು ತಮಿಳು ಬರುತ್ತೆ. ಕನ್ನಡ ಸಿನಿಮಾ ಅಂತ ಯಾರು ನೋಡುತ್ತಾರೆ?

ಕೋಲಾರದ ಹುಡುಗ: ಝರಿಯಾದಲ್ಲಿ ಕನ್ನಡ ಮಾತಾಡುತ್ತಿದ್ದರಾ ಹಾಗಾದರೆ?

ರಾಜಾಜಿನಗರ ರಸಿಕ: ಅದು ಬೇರೆ. ಅಲ್ಲಿ ಡಬ್ಬಿಂಗ್ ತರಹ ಒಪ್ಪಿಕೊಳ್ಳುತ್ತಾರೆ.

ಕೋಲಾರದ ಹುಡುಗ: ಅಂದರೆ ದೂರದವರು ಕನ್ನಡ ಮಾತಾಡಬಹುದು, ಪಕ್ಕದವರು ಅವರ ಭಾಷೆ ಮಾತಾಡಬಾರದು. ಒಳ್ಳೇ ನ್ಯಾಯ.

ರಾಜಾಜಿನಗರ ರಸಿಕ: ನಿಮಗೆ ಕನ್ನಡದ ಮೇಲೆ ಅಭಿಮಾನ ಇದ್ದಿದ್ದರೆ ಈ ಮಾತು ಬರುತ್ತಿರಲಿಲ್ಲ.

ಗಣಿ ಮೇಷ್ಟ್ರು: ನಾನು ಹುಟ್ಟಿದ್ದೇ ಕೆಜಿಎಫ್‌ನಲ್ಲಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಅಪ್ಪನ ಸೂಪರ್‌ವೈಸರ್ ಎದುರು ಇಂಗ್ಲಿಷ್. ಯಾರ ಅಭಿಮಾನಕ್ಕೂ ಏನೂ ಆಗಲಿಲ್ಲ. ಮುಂದಿನ ಪ್ರಶ್ನೆ.

ಪ್ರೊಡಕ್ಷನ್ ಮ್ಯಾನೇಜರ್: ಸರ್, ಶನಿವಾರ ಪೀಣ್ಯದ ಗೋಡೌನಿನಲ್ಲಿ ಸುರಂಗದ ಸೆಟ್. 60 ಜೂನಿಯರ್ ಕಲಾವಿದರು, ಪಂಜಿನ ಮೆರವಣಿಗೆ. ಧೂಳು ನಿಜ ಕಾಣಲಿ ಅಂತ ಹತ್ತು ಮೂಟೆ ಇದ್ದಿಲ ಪುಡಿ ತರಿಸಿದ್ದೇವೆ, ಬ್ಲೋವರ್ ಇಟ್ಟು ಹಾರಿಸುತ್ತೇವೆ. ಎಷ್ಟು ಹೊತ್ತು ಗಾಳಿಯಲ್ಲಿ ನಿಲ್ಲುತ್ತೆ?

ಗಣಿ ಮೇಷ್ಟ್ರು: ಹಾರಿಸಬೇಡಿ. ಮೊದಲು ಇದನ್ನು ಪೂರ್ತಿ ಓದಿ, ಆಮೇಲೆ ಮಾತಾಡಿ.

ಮೂಟೆಯಲ್ಲಿರುವ ಪುಡಿ ನಿಧಾನಕ್ಕೆ ಹೊಗೆಯಾಡುತ್ತೆ ಅಷ್ಟೆ. ಅದೇ ಪುಡಿ ಗಾಳಿಗೆ ಹರಡಿದರೆ ಒಂದೊಂದು ಕಣದ ಸುತ್ತಲೂ ಗಾಳಿ ಸಿಗುತ್ತೆ. ಕಿಡಿ ಬಿದ್ದರೆ ಎಲ್ಲ ಒಟ್ಟಿಗೆ ಹತ್ತುತ್ತೆ. ಮುಚ್ಚಿದ ಜಾಗವಾದರೆ ಅದು ಬೆಂಕಿಯಲ್ಲ, ಸ್ಫೋಟ. ಮೊದಲ ಸದ್ದು ಚಿಕ್ಕದಿರಬಹುದು. ಅದರ ಹೊಡೆತಕ್ಕೆ ನೆಲದ ಮೇಲೆ, ತೊಲೆ ಮೇಲೆ ಕೂತಿದ್ದ ಧೂಳೆಲ್ಲ ಎದ್ದು ಎರಡನೆಯದು ಆಗುತ್ತೆ. ಕೊಲ್ಲುವುದು ಅದು. ಫ್ರಾನ್ಸಿನ ಕೂರಿಯೆರ್ ಗಣಿಯಲ್ಲಿ 1906ರಲ್ಲಿ 1,099 ಜನ ಸತ್ತರು. ನಮ್ಮ ದೇಶದ ಧೋರಿ ಗಣಿಯಲ್ಲಿ 1965ರ ಮೇ 28ರಂದು 268 ಜನ. ಗಣಿಯಲ್ಲಿ ಇದಕ್ಕೇ ಉರಿಯದ ಸುಣ್ಣಕಲ್ಲಿನ ಪುಡಿ ಎರಚುತ್ತೇವೆ, ನೀರು ಹೊಡೆಯುತ್ತೇವೆ. ಗಣಿ ಮಾತು ಬಿಡಿ. 2015ರಲ್ಲಿ ತೈವಾನಿನ ವಾಟರ್ ಪಾರ್ಕಿನಲ್ಲಿ ಬಣ್ಣದ ಜೋಳದ ಹಿಟ್ಟು ಎರಚಿ ಕುಣಿಯುತ್ತಿದ್ದರು. ಬಯಲು ಜಾಗವೇ. ಹಿಟ್ಟಿಗೆ ಬೆಂಕಿ ಹತ್ತಿ 15 ಜನ ಹೋದರು, ಸುಮಾರು 500 ಜನ ಸುಟ್ಟುಕೊಂಡರು.

ನೀವು ಮುಚ್ಚಿದ ಗೋಡೌನಿನಲ್ಲಿ ಪುಡಿ, ಬ್ಲೋವರ್, ಪಂಜು, 60 ಜನ ಎಲ್ಲವನ್ನೂ ಒಟ್ಟಿಗೆ ಇಡುತ್ತಿದ್ದೀರಿ. ಬಾಗಿಲು ಎಷ್ಟು? ಜನರೇಟರ್ ಎಲ್ಲಿ? ಒಳಗಿದ್ದರೆ ಅದರ ಹೊಗೆಗೇ ಜನ ಬೀಳುತ್ತಾರೆ.

ನೆಲಕ್ಕೆ ಕಪ್ಪು ಬಣ್ಣದ ಕೊಕೊಪೀಟ್ ಒದ್ದೆ ಮಾಡಿ ಹಾಕಿ, ಒಣಗೋಕೆ ಬಿಡಬೇಡಿ. ಗಾಳಿಗೆ ತೆಳು ಮಂಜು ಹಬ್ಬಿಸುವ ನೀರಿನ ಹೇಜ್ ಮಶೀನ್. ಮುಖಕ್ಕೆ ಮೇಕಪ್ ಕಪ್ಪು. ಕಲ್ಲಿದ್ದಲು ಗಣಿಯೊಳಗೆ ಪಂಜು ಹಿಡಿಯುವುದೇ ಸುಳ್ಳು ಚರಿತ್ರೆ. ಪಂಜಿನ ಮೆರವಣಿಗೆ ಹೊರಗೆ, ಬಯಲಿನಲ್ಲಿ ಮಾಡಿ.

ಬಸವನಗುಡಿ ಆಂಟಿ: ಸರ್, ಫಾರ್ವರ್ಡ್ ಬಂದಿದೆ. ಗಣಿ ಕೆಲಸದವರಿಗೆ ದಿನಾ ಬೆಲ್ಲ ಕೊಡುತ್ತಾರಂತೆ, ಶ್ವಾಸಕೋಶದ ಧೂಳೆಲ್ಲ ಕರಗಿ ಹೋಗುತ್ತಂತೆ. ಕಲಾವಿದರಿಗೆ ಬೆಲ್ಲ ಹಂಚಿದರೆ ಸಾಕಲ್ವಾ? 🙏

ಗಣಿ ಮೇಷ್ಟ್ರು: ಬೆಲ್ಲ ಹೋಗುವುದು ಹೊಟ್ಟೆಗೆ, ಧೂಳು ಕೂರುವುದು ಶ್ವಾಸಕೋಶದ ತುದಿಯಲ್ಲಿ. ಬೆಲ್ಲ ತಿಂದವರನ್ನೂ ನಾನು ಸ್ಮಶಾನಕ್ಕೆ ಹೊತ್ತಿದ್ದೇನೆ. ಗಾಯವಾದ ಶ್ವಾಸಕೋಶ ಹಿಂದಿನ ಹಾಗೆ ಆಗಲ್ಲ. ಧೂಳು ಎಬ್ಬಿಸದಿರುವುದೇ ಮದ್ದು.

ಬಸವನಗುಡಿ ಆಂಟಿ: ನಮ್ಮಜ್ಜಿ ಕಾಲದಿಂದ ಹೇಳಿಕೊಂಡು ಬಂದಿದ್ದು ಸರ್. ಸ್ವಲ್ಪ ಮರ್ಯಾದೆಯಿಂದ ಹೇಳಬಹುದಿತ್ತು.

ಗಣಿ ಮೇಷ್ಟ್ರು: ನಿಮ್ಮಜ್ಜಿ ಗಣಿಯಲ್ಲಿ ಇದ್ದರಾ?

ಅಡ್ಮಿನ್: ದಯವಿಟ್ಟು ಎಲ್ಲರೂ ಸಮಾಧಾನ.

ಕಿರುಚಿತ್ರ ನಿರ್ದೇಶಕ: ಸರ್, ಇಂಥ ಚಿತ್ರಕ್ಕೆ ಸಬ್ಸಿಡಿ ಸಿಗುತ್ತಾ?

ಸಹಾಯಕ ನಿರ್ದೇಶಕಿ: ಸರ್, ವಿಷಗಾಳಿ ತೋರಿಸೋಕೆ ಪಂಜರದಲ್ಲಿ ಕ್ಯಾನರಿ ಹಕ್ಕಿ ಇಡಬಹುದಾ?

ಗಣಿ ಮೇಷ್ಟ್ರು: ವಿಷಗಾಳಿಗೆ ಮನುಷ್ಯರಿಗಿಂತ ಮೊದಲೇ ಬೀಳುವ ಕ್ಯಾನರಿ ಬ್ರಿಟನ್ನಿನ ಗಣಿಗಳಲ್ಲಿ 1986ರವರೆಗೂ ಇತ್ತು. ನಿಮ್ಮ ಕಥೆಗೆ ಉರಿಯ ಸುತ್ತ ಜಾಲರಿ ಇರುವ ಸುರಕ್ಷಾ ದೀಪ ಸಾಕು. ಮೀಥೇನ್ ಇದ್ದರೆ ಅದರ ಉರಿಯ ಮೇಲೆ ನೀಲಿ ಟೋಪಿ ಏಳುತ್ತೆ, ಆಮ್ಲಜನಕ ಕಮ್ಮಿಯಾದರೆ ಉರಿ ಕುಗ್ಗಿ ಆರುತ್ತೆ. ಕ್ಯಾಮೆರಾಕ್ಕೆ ಇದೇ ಚೆಂದ. ಹಕ್ಕಿ ಇಡಬೇಕಾದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿಯೂ ಬೇಕು.

ಹೊಸ ಸದಸ್ಯ 2: ಸರ್ ತಲೆ ಲೈಟ್ ಎಲ್ಲಿ

ಗಣಿ ಮೇಷ್ಟ್ರು: ಓದೋಕೆ ಬರುತ್ತಾ?

ರಾಜಾಜಿನಗರ ರಸಿಕ: ಹೊಸಬರ ಜೊತೆ ಹೀಗಾ ಮಾತಾಡೋದು? ಕೆಜಿಎಫ್‌ನವರ ಬುದ್ಧಿ.

ಕೋಲಾರದ ಹುಡುಗ: ಏನಂದ್ರಿ? ಇನ್ನೊಂದು ಸಲ ಹೇಳಿ.

(ಅಡ್ಮಿನ್ 14 ಮೆಸೇಜ್ ಅಳಿಸಿದ್ದಾರೆ.)

ಕಿರುಚಿತ್ರ ನಿರ್ದೇಶಕ: ಸಬ್ಸಿಡಿ ಬಗ್ಗೆ ಯಾರಾದರೂ ಹೇಳಿ ಪ್ಲೀಸ್.

ಪ್ರೊಡಕ್ಷನ್ ಮ್ಯಾನೇಜರ್: ಸರ್, ಡೈರೆಕ್ಟರ್ ಒಪ್ಪುತ್ತಿಲ್ಲ. ಪಂಜು ಬಿಡಬಹುದು, ಪುಡಿ ಬೇಕೇ ಬೇಕು ಅನ್ನುತ್ತಾರೆ. ಇರುವುದು ಒಂದೇ ಶಟರ್.

ಗಣಿ ಮೇಷ್ಟ್ರು: ಪಂಜು ಬಿಟ್ಟರೂ ಬಿಸಿ ಲೈಟು, ಬ್ಲೋವರಿನ ಮೋಟಾರು ಇವೆಯಲ್ಲ, ಕಿಡಿಗೆ ಅಷ್ಟು ಸಾಕು. ಒಂದೇ ಶಟರ್ ಇರುವ ಜಾಗದಲ್ಲಿ 60 ಜನರನ್ನು ಕೂಡಿಹಾಕಬೇಡಿ. ಶನಿವಾರ ಕಾಲ್‌ಶೀಟ್ ಎಷ್ಟು ಗಂಟೆಗೆ?

ಪ್ರೊಡಕ್ಷನ್ ಮ್ಯಾನೇಜರ್: ಬೆಳಿಗ್ಗೆ 6ಕ್ಕೆ ಸರ್.

ಗಣಿ ಮೇಷ್ಟ್ರು: 5ಕ್ಕೆ ಬರುತ್ತೇನೆ, ಲೊಕೇಶನ್ ಕಳಿಸಿ. ಅಲ್ಲಿಯವರೆಗೆ ಮೂಟೆ ಬಿಚ್ಚಬೇಡಿ. ಡೈರೆಕ್ಟರನ್ನು ನನ್ನ ಪಕ್ಕ ನಿಲ್ಲಿಸಿ ಸಾಕು. ತಿಂಡಿ ಬೇಡ. ನೀರಿನ ನಲ್ಲಿ ಎಲ್ಲಿದೆ, ಪೈಪು ಒಳಗಿನವರೆಗೂ ಎಟುಕುತ್ತಾ, ಅಷ್ಟು ಇವತ್ತೇ ನೋಡಿ ಹೇಳಿ.