ಓದುಗರ ಸ್ಪಂದನ: ಮಗಳಿಗೆ ‘ತಾಳ್ಮೆ’ ಅಂತ ಹೆಸರಿಡಬಹುದೇ?

ಕಳೆದ ಸಲ ದಾವಣಗೆರೆಯ ಓದುಗರೊಬ್ಬರು ಬರೆದಿದ್ದರು: “ಮದುವೆಯಾದ 9 ವರ್ಷಕ್ಕೆ ಮಗಳು ಹುಟ್ಟಿದ್ದಾಳೆ. ಕಾದು ಕಾದು ಪಡೆದ ಮಗು. ಅದಕ್ಕೇ ‘ತಾಳ್ಮೆ’ ಅಂತ ಹೆಸರಿಡಬೇಕು ಅನ್ನೋದು ನಮ್ಮಿಬ್ಬರ ಆಸೆ. ಸ್ವಾತಿ ನಕ್ಷತ್ರದ ನಾಲ್ಕನೇ ಪಾದ, ‘ತ’ ಅಕ್ಷರವೇ ಬಂದಿದೆ. ಆದರೆ ಅತ್ತೆಯವರು ‘ಇದೇನು ಹೆಸರೋ, ಮಾತೋ’ ಅಂತಾರೆ. ನಾಮಕರಣಕ್ಕೆ 15 ದಿನ ಇದೆ. ಏನು ಮಾಡಲಿ?”

ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ಕಾದವರು ನೀವು

ಅಕ್ಕಾ, ಮೊದಲು ಪುಟ್ಟಿಗೆ ನನ್ನ ಪ್ರೀತಿ. ನನ್ನದೂ ಗುಣದ ಹೆಸರೇ, ಕ್ಷಮಾ. ಗೀತೆಯ ಹತ್ತನೇ ಅಧ್ಯಾಯದಲ್ಲಿ ಕೃಷ್ಣ “ಸ್ತ್ರೀಯರಲ್ಲಿ ನಾನು ಕೀರ್ತಿ, ಶ್ರೀ, ವಾಕ್, ಸ್ಮೃತಿ, ಮೇಧಾ, ಧೃತಿ, ಕ್ಷಮಾ” ಅನ್ನುತ್ತಾನಲ್ಲ, ಅಜ್ಜ ಅಲ್ಲಿಂದ ಆರಿಸಿದ್ದು. ಏಳರಲ್ಲಿ ನನ್ನ ಪಾಲಿಗೆ ಬಂದದ್ದು ಕೊನೆಯದು.

ನನಗೆ ಏಳೆಂಟು ವರ್ಷ ಇರಬೇಕು. ತಮ್ಮ ನನ್ನ ಬಣ್ಣದ ಪೆನ್ಸಿಲ್‌ಗಳ ಪ್ಲಾಸ್ಟಿಕ್ ಡಬ್ಬಿಯನ್ನು ಹಿತ್ತಲ ಬಾವಿಗೆ ಎಸೆದ. ನಾನು ಅತ್ತೆ, ಕೂಗಾಡಿದೆ. ಮನೆಯವರೆಲ್ಲ ಹೇಳಿದ್ದು ಒಂದೇ ಮಾತು: “ಹೆಸರು ನೋಡಿದ್ರೆ ಕ್ಷಮಾ, ಅಷ್ಟು ಕ್ಷಮಿಸೋಕೆ ಆಗಲ್ವಾ?” ಅವನನ್ನು ಯಾರೂ ಏನೂ ಕೇಳಲಿಲ್ಲ. ಹಸಿರು ಮುಚ್ಚಳದ ಆ ಡಬ್ಬಿ ಮೂರು ದಿನ ನೀರಿನ ಮೇಲೆ ತೇಲುತ್ತಿತ್ತು. ಸ್ಕೂಲಿಂದ ಬಂದ ಕೂಡಲೇ ಹೋಗಿ ಬಗ್ಗಿ ನೋಡುತ್ತಿದ್ದೆ. ಮದುವೆಯಾದ ಮೇಲೂ ಅದೇ ಮಾತು ಕೇಳಿದೆ, ಬೇರೆಯವರ ಬಾಯಲ್ಲಿ.

9 ವರ್ಷ ಕಾದವರು ನೀವು. ಆಸ್ಪತ್ರೆ, ಹರಕೆ, ನೆಂಟರ ಚುಚ್ಚುಮಾತು ಎಲ್ಲ ತಡೆದುಕೊಂಡವರು ನೀವು. ತಾಳ್ಮೆ ನಿಮ್ಮದು ಅಕ್ಕಾ. ಆ ಮಗು ಯಾವುದಕ್ಕೂ ಕಾದಿಲ್ಲ, ಈಗಷ್ಟೇ ಬಂದಿದೆ. ‘ತಾಳಿದವನು ಬಾಳಿಯಾನು’ ಅನ್ನೋ ಗಾದೆಯಲ್ಲಿ ಇರುವುದು ‘ಅವನು’. ಆದರೆ ಅದನ್ನು ಹೇಳುವುದು ಮಾತ್ರ ಹೆಣ್ಣುಮಕ್ಕಳಿಗೆ, ಅಲ್ವಾ? ಅವಳು ಒಂದು ದಿನ ಸಿಟ್ಟಾದರೆ ಊರವರಿಗೆಲ್ಲ ಹೆಸರೇ ಸಾಕು, ಅವಳ ಬಾಯಿ ಮುಚ್ಚಿಸಲು.

ಗುಣದ ಹೆಸರು ಬೇಡ ಅಂತಲ್ಲ. ಭಾಗವತದಲ್ಲಿ ಧರ್ಮನಿಗೆ ದಕ್ಷ ಕೊಟ್ಟ 13 ಹೆಣ್ಣುಮಕ್ಕಳಿದ್ದಾರೆ: ಶ್ರದ್ಧಾ, ಮೈತ್ರಿ, ದಯಾ, ಶಾಂತಿ, ತುಷ್ಟಿ, ಉನ್ನತಿ, ಮೇಧಾ, ತಿತಿಕ್ಷಾ ಹೀಗೆ. ತಿತಿಕ್ಷಾ ಅಂದರೂ ತಾಳ್ಮೆಯೇ, ಅದನ್ನು ಬಿಡಿ. ತುಷ್ಟಿ ನೋಡಿ. ತೃಪ್ತಿ ಅಂತ ಅರ್ಥ. ಅವಳನ್ನು ಎತ್ತಿಕೊಂಡಾಗ ನಿಮಗೆ ಸಿಕ್ಕಿದ್ದು ಅದೇ ತಾನೇ?
— ಶಿವಮೊಗ್ಗದಿಂದ

ಒಂದು ದಿನ ಕರೆದು ನೋಡಿ

ತಂಗೀ, ನಾನು ನಿವೃತ್ತ ಕನ್ನಡ ಶಿಕ್ಷಕಿ. ಒಂದೇ ತರಗತಿಯಲ್ಲಿ ನನಗೆ ಮೂವರು ಸಹನಾ ಇದ್ದರು. ಸಹನಾ ಅಂದರೂ ತಾಳ್ಮೆಯೇ. ಯಾರೂ ನಗಲಿಲ್ಲ. ಸಂಸ್ಕೃತದಲ್ಲಿದ್ದರೆ ಅದು ಹೆಸರು, ಕನ್ನಡದಲ್ಲಿದ್ದರೆ ಬರೀ ಮಾತು ಅಂತ ನಾವು ಯಾಕೆ ಅಂದುಕೊಂಡಿದ್ದೇವೋ, ನನಗೆ ಬೇಸರ. ನಮ್ಮ ಪಕ್ಕದ ಮನೆಯ ಸಾಬಿರಾ ಹೆಸರಿಗೂ ತಾಳ್ಮೆಯುಳ್ಳವಳು ಅಂತಲೇ ಅರ್ಥ. 12ನೇ ಶತಮಾನದ ವಚನಕಾರ್ತಿ ಸತ್ಯಕ್ಕನ ಹೆಸರು ಯಾರಿಗಾದರೂ ವಿಚಿತ್ರ ಅನ್ನಿಸಿತೇ?

ಆದರೂ ಒಂದು ಮಾತು. ಕನ್ನಡದ ಹೆಸರಿಗೆ ಅರ್ಥ ಪ್ರತಿ ಸಲವೂ ಕೇಳಿಸುತ್ತದೆ. ಯೋಗಸೂತ್ರದಲ್ಲಿ ಮೈತ್ರಿ, ಕರುಣಾ, ಮುದಿತಾ, ಉಪೇಕ್ಷಾ ಒಟ್ಟಿಗೇ ಬರುತ್ತವೆ. ಆದರೆ ಕನ್ನಡದಲ್ಲಿ ಉಪೇಕ್ಷೆ ಅಂದರೆ ಕಡೆಗಣಿಸುವುದು, ಯಾರಾದರೂ ಮಗಳಿಗೆ ಇಡುತ್ತಾರೆಯೇ? ಹಾಗಾಗಿ ಒಂದು ದಿನ ಮನೆಯಲ್ಲಿ ಜೋರಾಗಿ ಕರೆದು ನೋಡಿ. “ತಾಳ್ಮೆಗೆ ಹಾಲು ಕುಡಿಸಿದ್ರಾ?” “ತಾಳ್ಮೆ ಮಲಗಿದಳಾ?” “ತಾಳ್ಮೆ ಇಲ್ವಾ ಮನೇಲಿ?” ಕೊನೆಯದನ್ನು ಹೇಳುವಾಗ ನಾಲಿಗೆ ತಡೆದರೆ ನಲ್ಮೆ, ಒಲುಮೆ ಅಂತ ಅದೇ ಜಾತಿಯ ಹೆಸರುಗಳಿವೆ. ತಡೆಯದಿದ್ದರೆ ಧೈರ್ಯವಾಗಿ ಇಡಿ. ಮಕ್ಕಳು ಹಾಜರಿ ಕರೆಯುವಾಗ ಒಂದು ವಾರ ನಗುತ್ತಾರೆ, ಆಮೇಲೆ ಮರೆಯುತ್ತಾರೆ. 30 ವರ್ಷ ನೋಡಿದ್ದೇನೆ.
— ತುಮಕೂರಿನಿಂದ

ಅವಸರ ಬೇಡ

ಜನನ ನೋಂದಣಿ ಕೆಲಸ ಮಾಡಿದವನು ನಾನು. 21 ದಿನದೊಳಗೆ ಜನನ ನೋಂದಾಯಿಸಬೇಕು, ಆದರೆ ಆಗಲೇ ಹೆಸರು ಕೊಡಬೇಕು ಅಂತಿಲ್ಲ. 12 ತಿಂಗಳೊಳಗೆ ಹೆಸರನ್ನು ಶುಲ್ಕವಿಲ್ಲದೆ ಸೇರಿಸಬಹುದು. ಹೆಸರಿಗಾಗಿ ಮನೆಯಲ್ಲಿ ಜಗಳ ಬೇಡ. ಇಂಗ್ಲಿಷಿನಲ್ಲಿ ‘ಳ’ ಇಲ್ಲ ಅನ್ನೋದು ನೆನಪಿರಲಿ. ‘ತ’ಗೆ ಬರೀ ‘ಟಿ’ ಹಾಕುತ್ತೀರೋ ‘ಟಿ ಎಚ್’ ಹಾಕುತ್ತೀರೋ ಮೊದಲೇ ಗಟ್ಟಿ ಮಾಡಿಕೊಳ್ಳಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲದಕ್ಕೂ ಜನನ ಪ್ರಮಾಣಪತ್ರವೇ ಮೂಲ. ಒಂದಕ್ಷರ ಹೆಚ್ಚುಕಮ್ಮಿಯಾದರೆ ಆಮೇಲೆ ಸುಮ್ನೆ ಅಲೆದಾಟ.
— ಹಾಸನದಿಂದ

ಅತ್ತೆಯ ಕಡೆಯಿಂದ

ನಾನೂ ಅತ್ತೆಯೇ. ಸೊಸೆ ಮೊಮ್ಮಗಳಿಗೆ ಧೃತಿ ಅಂತ ಇಡ್ತೀನಿ ಅಂದಾಗ ನನ್ನ ನಾಲಿಗೆಗೆ ಅದು ತಿರುಗಲೇ ಇಲ್ಲ. ದುರ್ತಿ, ದುರ್ತಿ ಅಂತಿದ್ದೆ. ಸಂಕಟ ಆಗ್ತಿತ್ತು, ನನ್ನ ಮೊಮ್ಮಗಳನ್ನು ನಾನೇ ಕರೆಯೋಕೆ ಆಗಲ್ವಲ್ಲ ಅಂತ. ಒಂದು ದಿನ ಸೊಸೆ ಪಕ್ಕದಲ್ಲಿ ಕೂತು ನಮ್ಮವ್ವನ ಹೆಸರು ಕೇಳಿದಳು. ಶಾಂತವ್ವ ಅಂದೆ. ತೊಟ್ಟಿಲ ದಿನ ಸೋದರತ್ತೆ ಕಿವಿಯಲ್ಲಿ ಎರಡೂ ಹೆಸರು ಹೇಳಿದಳು, ನಾವೆಲ್ಲ ಅವಳ ಬೆನ್ನಿಗೆ ಗುದ್ದಿದ್ದೇ ಗುದ್ದಿದ್ದು. ಈಗ ಶಾಲೆಯಲ್ಲಿ ಧೃತಿ, ನನಗೆ ಶಾಂತವ್ವ. ಎರಡಕ್ಕೂ ಓ ಅಂತ ಓಡಿ ಬರುತ್ತಾಳೆ.

ನಿಮ್ಮ ಅತ್ತೆಯವರ ತಾಯಿಯ ಹೆಸರು ಏನಂತ ಕೇಳಿದ್ದೀಯಾ ತಂಗೀ?
— ಬೈಲಹೊಂಗಲದಿಂದ