‘ಅಪ್‌ವೋಟ್’ ಗುಂಡಿಯ ಮೇಲೆ ಕನ್ನಡದಲ್ಲಿ ಏನೆಂದು ಬರೆಯೋಣ?

ಬಳಗದ ಹಿರಿಯರಿಗೂ ಮಿತ್ರರಿಗೂ ಬದಿಯಡ್ಕದಿಂದ ನಮಸ್ಕಾರ.

ಕಾಸರಗೋಡು ಕಡೆಯ ಆಡುಗನ್ನಡದ ಪದಗಳನ್ನು ಅಂತರಜಾಲದಲ್ಲಿ ಕಲೆಹಾಕುವ ಕೆಲಸವೊಂದು ನಮ್ಮಲ್ಲಿ ನಡೆಯುತ್ತಿದೆ. ಅಧ್ಯಾಪಕರು, ಕೃಷಿಕರು, ಕಾಲೇಜಿನ ಮಕ್ಕಳು ಸೇರಿಕೊಂಡ ಚಿಕ್ಕ ಗುಂಪು. ಯಾರು ಬೇಕಾದರೂ ಪದವನ್ನೂ ಅರ್ಥವನ್ನೂ ಸೇರಿಸಬಹುದು. ಓದಿದವರು ಒಪ್ಪಿದರೆ ಮೇಲ್ಮುಖದ ಬಾಣವನ್ನೋ (ಅಪ್‌ವೋಟ್) ಒಪ್ಪದಿದ್ದರೆ ಕೆಳಮುಖದ ಬಾಣವನ್ನೋ (ಡೌನ್‌ವೋಟ್) ಒತ್ತಬಹುದು. ಒತ್ತಿದ್ದರ ಲೆಕ್ಕ ಪದ ಸೇರಿಸಿದವರ ಖಾತೆಗೆ ಜಮೆಯಾಗುತ್ತದೆ, ಇಲ್ಲವೇ ಅಲ್ಲಿಂದ ಕಡಿತವಾಗುತ್ತದೆ. ತಂತ್ರಾಂಶ ಇಂಗ್ಲಿಷಿನದು. ಗುಂಡಿಗಳ ಮೇಲಿನ ಬರಹಕ್ಕೆ ಕನ್ನಡ ಹುಡುಕುವ ಕೆಲಸ ನನ್ನ ಪಾಲಿಗೆ ಬಂದಿದೆ. ಅಪ್‌ವೋಟ್, ಡೌನ್‌ವೋಟ್, ಪಾಯಿಂಟ್, ಖಾತೆಯ ಒಟ್ಟು ಲೆಕ್ಕವಾದ ರೆಪ್ಯುಟೇಶನ್, ಮಾಡಿದ ಕೆಲಸಕ್ಕೆ ಗುರುತಾಗಿ ಸಿಗುವ ಬ್ಯಾಡ್ಜ್, ಇಷ್ಟೇ. ನಿಘಂಟಿನಲ್ಲಿ ಎಲ್ಲಕ್ಕೂ ಪದ ಸಿಗುತ್ತದೆ. ಗುಂಡಿಯ ಮೇಲೆ ಬರೆದಾಗ ಒಂದೂ ನೆಟ್ಟಗೆ ಕೂರುವುದಿಲ್ಲ.

‘ಮತ’ದಿಂದ ಶುರುಮಾಡುತ್ತೇನೆ. ಅಪ್‌ವೋಟಿಗೆ ‘ಪರಮತ’ ಎಂದು ಒಬ್ಬರು ಸೂಚಿಸಿದರು, ಪರವಾದ ಮತ ಎಂಬ ಅರ್ಥದಲ್ಲಿ. ಆದರೆ ಪರಮತ ಎಂದ ಕೂಡಲೇ ಯಾರಿಗಾದರೂ ನೆನಪಾಗುವುದು ಪರಮತಸಹಿಷ್ಣುತೆ. ‘ಭಿನ್ನಮತ’ವನ್ನು ಪತ್ರಿಕೆಗಳು ಪಕ್ಷದೊಳಗಿನ ಜಗಳಕ್ಕೆ ಮೀಸಲಿಟ್ಟಿವೆ, ‘ವಿಶ್ವಾಸಮತ’ವನ್ನು ವಿಧಾನಸಭೆಗೆ. ಗಡಿಯಲ್ಲಿರುವ ನಮಗೆ ಇನ್ನೊಂದು ತೊಡಕೂ ಉಂಟು. ಮಲಯಾಳದಲ್ಲಿ ‘ಮತಂ’ ಎಂದರೆ ಧರ್ಮ. ಓಟಿಗೆ ಅವರು ವೋಟು ಎಂದೇ ಹೇಳುತ್ತಾರೆ, ಸರಕಾರಿ ಬರಹದಲ್ಲಿ ಮತದಾರನು ‘ಸಮ್ಮತಿದಾಯಕನ್’ ಆಗುತ್ತಾನೆ. ತೆಲುಗಿನಲ್ಲಿಯೂ ಮತಂ ಧರ್ಮವೇ. ಮತವೆಂದರೆ ಓಟು ಎನ್ನುವುದರಲ್ಲಿ ನಮಗೆ ಜೊತೆಯಾಗಿರುವವರು ಮರಾಠಿ, ಹಿಂದಿಯವರು. ಕನ್ನಡ ಮಾಧ್ಯಮದಲ್ಲಿ ಓದುವ ಇಲ್ಲಿನ ಹುಡುಗನೂ ಬಸ್ಸಿಳಿದರೆ ಮಲಯಾಳದ ಫಲಕಗಳನ್ನೇ ಓದುತ್ತಾನೆ. ‘ನಿಮ್ಮ ಮತ ಯಾವುದು?’ ಎಂದು ಗುಂಡಿ ಕೇಳಿದರೆ ಅವನು ತಬ್ಬಿಬ್ಬಾಗದೆ ಇರಲಾರ.

ಇದಾದರೂ ಪರವಾಗಿಲ್ಲ. ನನ್ನ ದೊಡ್ಡ ಆಕ್ಷೇಪವೆಂದರೆ, ಗುಂಡಿಯ ಮೇಲೆ ಏನು ಬರೆದಿದೆಯೋ ಜನ ಹಾಗೆಯೇ ನಡೆದುಕೊಳ್ಳುತ್ತಾರೆ. ಮತ ಎಂದು ಬರೆದರೆ ಪದವನ್ನು ಬಿಟ್ಟು, ಸೇರಿಸಿದವರು ಯಾರು, ಯಾವ ಊರಿನವರು ಎಂದು ನೋಡಿ ಒತ್ತುತ್ತಾರೆ. ‘ಮೆಚ್ಚುಗೆ’ ಎಂದು ಬರೆದರೆ ಚೆಂದ ಕಂಡದ್ದಕ್ಕೆ ಒತ್ತುತ್ತಾರೆ. ನಮ್ಮಲ್ಲಿ ಎರಡೂ ಆಗಿದೆ. ‘ಬೊಂಡ’ವನ್ನೇ ನೋಡಿ. ನಮ್ಮ ಕಡೆ ಬೊಂಡ ಎಂದರೆ ಎಳನೀರು, ಮಂಗಳೂರಿನವರೆಗೂ ಇದರಲ್ಲಿ ಸಂದೇಹವಿಲ್ಲ. ಘಟ್ಟದ ಮೇಲಿನ ಕೆಲವರು ‘ಬೋಂಡ ಎಂದರೆ ಎಣ್ಣೆಯಲ್ಲಿ ಕರಿದ ತಿಂಡಿ’ ಎಂದು ಟಿಪ್ಪಣಿ ಬರೆದು ಕೆಳಬಾಣ ಒತ್ತಿದರು. ಪದ ಸೇರಿಸಿದವರು ಎಪ್ಪತ್ತು ದಾಟಿದ ಕೃಷಿಕರು. ಖಾತೆಯಲ್ಲಿ ಸೊನ್ನೆಗಿಂತ ಕೆಳಗಿನ ಅಂಕ ಕಂಡು, “ನನ್ನ ತೋಟದ ಬೊಂಡ ನನಗೇ ಗೊತ್ತಿಲ್ಲವೋ?” ಎಂದು ಕೇಳಿದವರು ಮತ್ತೆ ಇತ್ತ ತಲೆಹಾಕಲಿಲ್ಲ.

ಅವರೇ ಸೇರಿಸಿದ ಇನ್ನು ಮೂರು ಪದಗಳಿವೆ: ಗುಡ್ಡದ ಮೇಲೆ ಮಳೆನೀರು ತಾನಾಗಿ ನಿಲ್ಲುವ ‘ಪಳ್ಳ’, ಒಡ್ಡು ಹಾಕಿ ನೀರು ತಡೆದ ‘ಮದಕ’, ಮಳೆಗಾಲ ಕಳೆದ ಮೇಲೆ ತೋಡಿಗೆ ಅಡ್ಡವಾಗಿ ಕಲ್ಲುಮಣ್ಣು ಪೇರಿಸುವ ‘ಕಟ್ಟ’. ಸುರಂಗ ತೋಡಿ ನೀರು ಕಂಡುಕೊಂಡ ಈ ನಾಡಿನಲ್ಲಿ ನಮ್ಮ ಸಂಗ್ರಹಕ್ಕೆ ಇವುಗಳಿಗಿಂತ ಬೆಲೆಬಾಳುವ ಪದಗಳು ಬೇಕೇ? ಅವುಗಳಿಗೆ ಬಾಣವೇ ಬಿದ್ದಿಲ್ಲ. ಕಟ್ಟ ಕಟ್ಟಿದ ಕೈಗಳು ಮೊಬೈಲಿನಲ್ಲಿ ಬಾಣ ಒತ್ತುತ್ತ ಕೂರುವುದಿಲ್ಲ. ಕೆಸುವಿನೆಲೆಯ ತಿಂಡಿಯಾದ ‘ಪತ್ರೊಡೆ’ಗೆ ಮಾತ್ರ ಊರೆಲ್ಲ ಒತ್ತಿದೆ. ಪದ ಎಷ್ಟು ಜನರಿಗೆ ಗೊತ್ತು ಎಂಬುದನ್ನು ಬಾಣ ಎಣಿಸುತ್ತದೆ. ನಮಗೆ ಬೇಕಾದದ್ದು ಕೆಲವರಿಗಷ್ಟೇ ಗೊತ್ತಿರುವ ಪದ.

ಮೊದಲು ಬಿದ್ದ ಬಾಣ ಮುಂದಿನವರನ್ನು ಎಳೆಯುತ್ತದೆ ಎಂಬುದು ನನ್ನ ಅನುಮಾನವಷ್ಟೇ ಅಲ್ಲ. ಲೆವ್ ಮುಚ್ನಿಕ್, ಸಿನಾನ್ ಅರಾಲ್ ಮತ್ತು ಶಾನ್ ಟೇಲರ್ 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಯಾವುದೋ ಒಂದು ಟಿಪ್ಪಣಿಗೆ ಸುಮ್ಮನೆ ಮೊದಲ ಅಪ್‌ವೋಟ್ ಹಾಕಿಟ್ಟರೆ ಅದರ ಕೊನೆಯ ಅಂಕ ಸರಾಸರಿ ನೂರಕ್ಕೆ 25ರಷ್ಟು ಏರಿತು. ಸುಮ್ಮನೆ ಹಾಕಿದ ಡೌನ್‌ವೋಟನ್ನು ಮಾತ್ರ ನಂತರ ಬಂದವರು ಸರಿಪಡಿಸಿದರು. ಆದರೆ ಅದು ಸಾವಿರಾರು ಜನ ಓಡಾಡುವ ತಾಣದ ಮಾತು. ನಮ್ಮಲ್ಲಿ ನಂತರ ಬರುವವರೇ ಇಲ್ಲ. ಬೊಂಡದ ಮೇಲಿನ ಕೆಳಬಾಣ ಹಾಗೆಯೇ ಉಳಿದಿದೆ.

ಪಾಯಿಂಟಿಗೆ ‘ಅಂಕ’ ಸಾಕೆಂದು ನನ್ನ ಅಭಿಪ್ರಾಯ. ಶಾಲೆಯ ಅಂಕಪಟ್ಟಿಯಿಂದ ಎಲ್ಲರಿಗೂ ಪರಿಚಿತ. ತುಳುನಾಡಿನಲ್ಲಿ ಅಂಕವೆಂದರೆ ಕಾಳಗವೂ ಹೌದು, ‘ಕೋಳಿ ಅಂಕಕ್ಕೆ ದಾಳಿ’ ಎಂಬ ಸುದ್ದಿ ಇಲ್ಲಿನ ಪತ್ರಿಕೆಗಳಿಗೆ ಹೊಸದಲ್ಲ. ಮಲಯಾಳದ ‘ಅಂಕಂ’ ಇಬ್ಬರ ಕತ್ತಿಕಾಳಗ. ಹಳಗನ್ನಡದ ‘ಅಂಕಕಾರ’ನೂ ಅದೇ ಕಣದವನು. ಅಂಕ ಎಣಿಸತೊಡಗಿದ ಮೇಲೆ ನಮ್ಮ ಗುಂಪಿನಲ್ಲಿ ನಡೆದದ್ದನ್ನು ಕಂಡವರು ಈ ಎರಡು ಅರ್ಥಗಳು ಬೇರೆಬೇರೆ ಎಂದು ವಾದಿಸಲಾರರು.

ಖಾತೆಯ ಲೆಕ್ಕಕ್ಕೆ ‘ಕರ್ಮ’ ಎಂದೇ ಇಡೋಣ, ರೆಡಿಟ್ ತಾಣದಲ್ಲಿ ಹಾಗೆಯೇ ಇದೆ ಎಂದವರು ಕಾಲೇಜಿನ ಮಕ್ಕಳು. ‘ನಿಮಗೆ 300 ಕರ್ಮ ಬಂದಿದೆ’ ಎಂದು ಕನ್ನಡದಲ್ಲಿ ಓದಿ ನೋಡಿ. ಶಾಪ ಕೊಟ್ಟ ಹಾಗಿದೆ. ನಮ್ಮ ಮಾತಿನಲ್ಲಿ ಕರ್ಮ ಎಂದರೆ ಹಣೆ ಬಡಿದುಕೊಳ್ಳುವ ಸಂದರ್ಭ. ರೆಡಿಟ್‌ಗೂ ಮೊದಲು ಈ ಪದವನ್ನು ಸ್ಲ್ಯಾಶ್‌ಡಾಟ್ ತಾಣ ಬಳಸಿತ್ತು. ಅಲ್ಲಿ ಜನ ಸಂಖ್ಯೆಯ ಬೆನ್ನು ಹತ್ತಿ ಆಟ ಆಡತೊಡಗಿದ್ದರಿಂದ ಸಂಖ್ಯೆಯನ್ನೇ ಮರೆಮಾಡಿ ಉತ್ತಮ, ಸಾಧಾರಣ ಎಂಬಂಥ ಮಾತುಗಳನ್ನು ತೋರಿಸಿದರು. ಈ ಉಪಾಯ ನನಗೆ ಹಿಡಿಸಿದೆ.

ರೆಪ್ಯುಟೇಶನ್ ನಿಜವಾದ ಕಗ್ಗಂಟು. ‘ಪ್ರತಿಷ್ಠೆ’ ಎಂದರೆ ನಮ್ಮೂರಿನಲ್ಲಿ ದೇವಸ್ಥಾನದ ಬ್ರಹ್ಮಕಲಶಕ್ಕೆ ರಶೀದಿ ಪುಸ್ತಕ ಹಿಡಿದು ಬರುತ್ತಾರೆ. ಇಲ್ಲವಾದರೆ ಅದು ಒಣ ಪ್ರತಿಷ್ಠೆ. ‘ಹೆಸರು’ ಎಂದರೆ ಬಳಕೆದಾರರ ಹೆಸರಿನೊಡನೆ ಗೊಂದಲ. ‘ಮರ್ಯಾದೆ: 40’ ಎಂದು ಬರೆಯುವ ಧೈರ್ಯ ಯಾರಿಗಿದೆ? ಇಲ್ಲಿ ಪದದ ಹಿಂದಿರುವ ವ್ಯವಸ್ಥೆಯನ್ನೂ ನೋಡಬೇಕು. ತಂತ್ರಾಂಶ ಬರೆಯುವವರ ಪ್ರಶ್ನೋತ್ತರ ತಾಣವಾಗಿ 2008ರಲ್ಲಿ ಶುರುವಾದ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಈ ಸಂಖ್ಯೆ ಬರಿಯ ಅಲಂಕಾರವಲ್ಲ, ಅಧಿಕಾರ. ಅಪ್‌ವೋಟ್ ಹಾಕಲು 15 ಬೇಕು, ಡೌನ್‌ವೋಟ್ ಹಾಕಲು 125, ಇತರರ ಬರಹವನ್ನು ನೇರವಾಗಿ ತಿದ್ದಲು 2000. ಒಳ್ಳೆಯ ಉತ್ತರಕ್ಕೆ ಒಬ್ಬರು ಅಪ್‌ವೋಟ್ ಹಾಕಿದರೆ ಬರೆದವರಿಗೆ 10 ಬರುತ್ತದೆ. ಡೌನ್‌ವೋಟ್ ಬಿದ್ದರೆ 2 ಹೋಗುತ್ತದೆ, ಉತ್ತರಕ್ಕೆ ಡೌನ್‌ವೋಟ್ ಹಾಕಿದವರಿಗೂ 1 ಹೋಗುತ್ತದೆ. ಬೈಯುವವನ ಕೈಯಿಂದಲೂ ಕಾಸು ಕೀಳುವ ಈ ಬುದ್ಧಿವಂತಿಕೆಗೆ ತಲೆದೂಗಿದ್ದೇನೆ. ನಮ್ಮ ತಂತ್ರಾಂಶದಲ್ಲಿ ಅದಿಲ್ಲ. ಆ ತಾಣವೇ ಹೇಳಿಕೊಳ್ಳುವ ಪ್ರಕಾರ ರೆಪ್ಯುಟೇಶನ್ ಎಂದರೆ ಸಮುದಾಯ ನಿಮ್ಮನ್ನು ಎಷ್ಟು ನಂಬುತ್ತದೆ ಎಂಬುದರ ಸ್ಥೂಲ ಅಳತೆ. ಹಾಗಿದ್ದರೆ ‘ನಂಬಿಕೆ’ ಎಂದೇ ಬರೆದರೆ ಹೇಗೆ? ಹತ್ತು ಪತ್ರೊಡೆಗಳಿಂದ ನಂಬಿಕೆ ಬೆಳೆಯಬೇಕೇ ಎಂಬ ಪ್ರಶ್ನೆ ಆಗ ತಾನಾಗಿ ಏಳುತ್ತದೆ; ಏಳಲಿ.

ಬ್ಯಾಡ್ಜಿಗೆ ‘ಬಿರುದು’ ಎಂದವರಿದ್ದಾರೆ. ಯಕ್ಷಗಾನದ ನಾಡಿನಲ್ಲಿ ಬಿರುದು, ಶಾಲು, ಹಾರ, ಸ್ಮರಣಿಕೆಗಳಿಗೆ ಬರವಿಲ್ಲ, ಆದರೆ ಬಿರುದನ್ನು ಜನ ಕೊಡುತ್ತಾರೆ, ಯಂತ್ರ ಕೊಡುವುದಿಲ್ಲ. ಸ್ಟ್ಯಾಕ್ ಓವರ್‌ಫ್ಲೋ ಬ್ಯಾಡ್ಜುಗಳ ಮೇಲಿನ 2013ರ ಅಧ್ಯಯನವೊಂದರಲ್ಲಿ ಕಂಡದ್ದು, ಬ್ಯಾಡ್ಜ್ ಹತ್ತಿರವಾದಂತೆ ಜನರ ದುಡಿಮೆ ಏರಿ, ಕೈಗೆ ಬಂದ ಮೇಲೆ ಇಳಿಯುತ್ತದೆ ಎಂಬುದು. ವಿಕಿಪೀಡಿಯದ ಬಾರ್ನ್‌ಸ್ಟಾರ್ ಇನ್ನೊಂದು ಬಗೆ. ಅದನ್ನು ಒಬ್ಬ ಸಂಪಾದಕ ಇನ್ನೊಬ್ಬರಿಗೆ ಕೈಯಾರೆ ಕೊಡುತ್ತಾನೆ. 2012ರ ಪ್ರಯೋಗವೊಂದರಲ್ಲಿ ಅದನ್ನು ಪಡೆದ ಮುಂಚೂಣಿಯ ಸಂಪಾದಕರು ಪಡೆಯದವರಿಗಿಂತ ನೂರಕ್ಕೆ 60ರಷ್ಟು ಹೆಚ್ಚು ದುಡಿದರು. ಆದುದರಿಂದ ಯಂತ್ರ ಹಂಚುವುದು ‘ಪದಕ’, ಜನ ಕೊಡುವುದು ‘ಬಿರುದು’ ಎಂದು ಬೇರ್ಪಡಿಸಬಹುದೇನೋ.

ಮತ್ತೆ ಬಾಣಗಳಿಗೆ ಬರುತ್ತೇನೆ. ‘ಸೈ’ ಎಂಬ ಚಿಕ್ಕ ಪದ ಅಪ್‌ವೋಟಿಗೆ ಚೆನ್ನಾಗಿ ಹೊಂದುತ್ತದೆ, ಅದಕ್ಕೆ ಎದುರು ಪದ ಸಿಕ್ಕಿಲ್ಲ. ‘ಸಲ್ಲುತ್ತದೆ’, ‘ಸಲ್ಲದು’ ಎಂಬ ಜೋಡಿ ನಾಣ್ಯದ ಚಲಾವಣೆಯ ಅರ್ಥದಲ್ಲಿ ಸರಿ, ಆದರೆ ‘ಸಲ್ಲದು’ ಎಂದರೆ ಹಿರಿಯರು ಗದರಿಸಿದಂತಾಗುತ್ತದೆ. ನಾನು ಒಲಿದಿರುವುದು ‘ನಮ್ಮಲ್ಲಿ ಉಂಟು’, ‘ನಮ್ಮಲ್ಲಿ ಇಲ್ಲ’ ಎಂಬ ಜೋಡಿಗೆ, ಒತ್ತಿದವರ ಊರಿನ ಹೆಸರಿನೊಡನೆ. ಆಗ ಘಟ್ಟದ ಮೇಲಿನವರು ಬೊಂಡಕ್ಕೆ ‘ನಮ್ಮಲ್ಲಿ ಇಲ್ಲ’ ಎಂದು ಒತ್ತಿದರೂ ಅದು ಮಾಹಿತಿಯೇ, ಯಾರ ಖಾತೆಯಿಂದಲೂ ಏನೂ ಕಡಿಯಬೇಕಾಗಿಲ್ಲ. ಇದು ಅನುವಾದದ ಗಡಿ ದಾಟಿ ನಿಯಮವನ್ನೇ ಬದಲಿಸಿದಂತೆ ಎಂದು ತಂತ್ರಾಂಶ ನೋಡಿಕೊಳ್ಳುವ ಹುಡುಗ ತಕರಾರು ತೆಗೆದಿದ್ದಾನೆ. ಅವನ ಮಾತು ಸರಿ, ನನಗೆ ಬೇಕಾದದ್ದೂ ಅದೇ.

ನಿಮ್ಮಿಂದ ತಿಳಿಯಬೇಕಾದದ್ದು: ‘ನಂಬಿಕೆ’ಯ ಮುಂದೆ ಸಂಖ್ಯೆ ಬರೆದರೆ ನಿಮ್ಮ ಕಿವಿಗೆ ಒಗ್ಗುತ್ತದೆಯೇ, ಇಲ್ಲವಾದರೆ ಬೇರೆ ಯಾವ ಪದ? ‘ಸೈ’ಗೆ ಒಂದೆರಡು ಅಕ್ಷರದ ಎದುರು ಪದ ಯಾವ ಕಡೆಯಲ್ಲಾದರೂ ಬಳಕೆಯಲ್ಲಿದೆಯೇ? ‘ಉಂಟು’ ಕರಾವಳಿಯ ವಾಸನೆ ಹೊಡೆಯುತ್ತದೆ, ‘ಇದೆ’ ಎಂದೇ ಇಡಿ ಎನ್ನುವವರು ದಯವಿಟ್ಟು ಕಾರಣ ಬರೆಯಿರಿ. ಅಕ್ಕಲಕೋಟೆ, ಸೊಲ್ಲಾಪುರ, ಹೊಸೂರು ಕಡೆಯ ಸದಸ್ಯರು ಪಕ್ಕದ ಭಾಷೆಯಿಂದ ಏನನ್ನಾದರೂ ಎರವಲು ತಂದು ಆಡುತ್ತಿದ್ದರೆ ಅದನ್ನೂ ತಿಳಿಸಿ.