ಪದಚರ್ಚೆ: ‘ಜಾಸ್ತಿ ತಿನ್ನಿ’ ಅನ್ನುವ ಪಥ್ಯಕ್ಕೆ ಏನನ್ನೋಣ?

ಗೆಳೆಯರೇ,

ಎರಡು ಆರೋಗ್ಯ ಕೈಪಿಡಿಗಳನ್ನು ಕನ್ನಡಕ್ಕೆ ತರುವ ಕೆಲಸ ಕೈಯಲ್ಲಿದೆ. ಒಂದು ಸಿಒಪಿಡಿ ಎಂಬ ಶ್ವಾಸಕೋಶದ ಕಾಯಿಲೆ ಇರುವವರ ಆಹಾರದ ಬಗ್ಗೆ. ಇನ್ನೊಂದು ಹದಿಹರೆಯದವರಿಗೆ ಮದ್ಯದ ಬಗ್ಗೆ ತಿಳಿಹೇಳುವಂಥದ್ದು. ತೊಡಕೆಲ್ಲ ಮೊದಲನೆಯದರಲ್ಲೇ ಇದೆ, ಹಾಗಾಗಿ ಅದನ್ನೇ ಮೊದಲು ಕೇಳುತ್ತೇನೆ.

ವಿಷಯ ಇಷ್ಟು. ಸಿಒಪಿಡಿಯಲ್ಲಿ ಉಸಿರಿನ ಹಾದಿ ಕಿರಿದಾಗಿ, ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬರುವುದಿಲ್ಲ. ಶ್ವಾಸಕೋಶ ಉಬ್ಬಿಕೊಂಡೇ ಇರುತ್ತದೆ. ಕೆಳಗಿನ ವಪೆ (ಎದೆಗೂ ಹೊಟ್ಟೆಗೂ ನಡುವಿನ ಮಾಂಸಖಂಡದ ಪರದೆ) ಚಪ್ಪಟೆಯಾಗುತ್ತದೆ. ಸುಮ್ನೆ ಕೂತು ಉಸಿರಾಡುವುದಕ್ಕೂ ಮೈ ಹೆಚ್ಚು ದುಡಿಯಬೇಕು. ಇತ್ತ ಊಟಕ್ಕೆ ಕೂತರೆ, ನಾಲ್ಕು ತುತ್ತು ಇಳಿಯುವಷ್ಟರಲ್ಲಿ ಹೊಟ್ಟೆ ವಪೆಯನ್ನು ಒತ್ತಿ ಏದುಸಿರು ಬರುತ್ತದೆ. ತಟ್ಟೆ ಪಕ್ಕಕ್ಕೆ ಸರಿಯುತ್ತದೆ. ಖರ್ಚು ಜಾಸ್ತಿ, ಜಮೆ ಕಡಿಮೆ. ತೂಕ ಇಳಿಯುತ್ತದೆ, ಮಾಂಸಖಂಡ ಕರಗುತ್ತದೆ, ಉಸಿರೆಳೆಯುವ ಮಾಂಸಖಂಡಗಳೂ ಸೇರಿ. ಈ ಕಾಯಿಲೆ ಎಷ್ಟು ಬಲಿತಿದೆ ಎಂದು ಅಳೆಯಲು 2004ರಲ್ಲಿ ಬಂದ ‘ಬೋಡ್’ ಸೂಚ್ಯಂಕದಲ್ಲಿ, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 21 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅಪಾಯದ ಲೆಕ್ಕಕ್ಕೆ ಒಂದು ಅಂಕ ಸೇರುತ್ತದೆ. ಬೇರೆಯವರು ‘ಒಳ್ಳೇ ತೂಕ ಕಣ್ರೀ’ ಎಂದು ಹೊಗಳುವ ಮೈಕಟ್ಟು ಅದು!

ಹಾಗಾಗಿ ಇವರಿಗೆ ಕೊಡುವ ಸಲಹೆ: ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ, ಒಟ್ಟಾರೆ ಹೆಚ್ಚು ತಿನ್ನಿ. ಊಟಕ್ಕೆ ಮುಂಚೆ ಸುಧಾರಿಸಿಕೊಳ್ಳಿ. ಒಂದೊಂದು ತುತ್ತಿನಲ್ಲೂ ಶಕ್ತಿ, ಪ್ರೋಟೀನ್ ಹೆಚ್ಚಿರಲಿ. ಜತೆಗೆ ಆದಷ್ಟು ವ್ಯಾಯಾಮ.

ಇದಕ್ಕೆ ಕನ್ನಡದಲ್ಲಿ ತಲೆಬರಹ ಏನು? ಕರಡಿನಲ್ಲಿ ‘ಪಥ್ಯ’ ಎಂದಿತ್ತು. ಮೂಲದಲ್ಲಿ ಪಥ್ಯ ಅಂದರೆ ಮೈಗೆ ಹಿತವಾದದ್ದು, ತಕ್ಕದ್ದು. ಅಪಥ್ಯ ಅದರ ಎದುರು. ಆದರೆ ಈಗ ‘ಅವರು ಪಥ್ಯದಲ್ಲಿದ್ದಾರೆ’ ಅಂದರೆ ಯಾರಿಗಾದರೂ ಏನು ಹೊಳೆಯುತ್ತದೆ? ಉಪ್ಪು ಬಿಟ್ಟಿದ್ದಾರೆ, ಹುಳಿ ಬಿಟ್ಟಿದ್ದಾರೆ, ಬಾಯಿ ಕಟ್ಟಿದ್ದಾರೆ. ‘ಡಯಟ್’ ಎಂದರೂ ಅದೇ ಕಥೆ. ‘ಡಯಟ್ ಮಾಡ್ತಿದೀನಿ’ ಅಂದವರ ಮುಂದೆ ಯಾರೂ ಎರಡನೇ ಸಲ ಬಡಿಸುವುದಿಲ್ಲ. ಎರಡೂ ಬಾಯಿ ಕಟ್ಟುವ ಪದಗಳು. ಮೊದಲೇ ತಿನ್ನಲಾಗದೆ ಸೊರಗಿದವರ ಕೈಗೆ ಇಂಥ ತಲೆಬರಹದ ಪುಸ್ತಕ ಕೊಟ್ಟರೆ, ಒಳಗೆ ಏನೇ ಬರೆದಿರಲಿ, ಅವರು ಇನ್ನಷ್ಟು ಬಿಡುತ್ತಾರೆ.

ಇಂಗ್ಲಿಷಿನ ‘ನ್ಯೂಟ್ರಿಷನ್ ಸಪೋರ್ಟ್’ ಅನ್ನು ಹಾಗೇ ತಂದು ‘ಪೌಷ್ಟಿಕಾಂಶ ಬೆಂಬಲ’ ಎನ್ನೋಣ ಎಂಬ ಸೂಚನೆಯೂ ಬಂದಿದೆ. ನನಗೆ ಒಗ್ಗುತ್ತಿಲ್ಲ. ಬೆಂಬಲ ಅಂದರೆ ಬೆನ್ನಿಗೆ ನಿಲ್ಲುವುದು. ಬೆಂಬಲ ಬೆಲೆ ಇದೆ, ಸರ್ಕಾರಕ್ಕೆ ಬಾಹ್ಯ ಬೆಂಬಲ ಇದೆ. ಪೌಷ್ಟಿಕಾಂಶ ಬೆಂಬಲ ಕೊಟ್ಟರೆ ಅದನ್ನು ಯಾವಾಗ ಬೇಕಾದರೂ ವಾಪಸ್ ತಗೋಬಹುದೇನೋ ಅನಿಸುತ್ತದೆ. ‘ಪೂರಕ ಆಹಾರ’ ಚೆನ್ನಾಗಿದೆ, ಆದರೆ ಅದನ್ನು ಆರು ತಿಂಗಳು ತುಂಬಿದ ಕೂಸಿಗೆ ಆಗಲೇ ಕೊಟ್ಟುಬಿಟ್ಟಿದ್ದೇವೆ. ಇನ್ನೊಂದು ಮಾತು. ವೈದ್ಯರು ಬಳಸುವಾಗ ‘ನ್ಯೂಟ್ರಿಷನ್ ಸಪೋರ್ಟ್’ ಎಂಬ ಪದದ ಹರವು ದೊಡ್ಡದು. ಕುಡಿಯುವ ಪೂರಕ ಪೇಯ, ಮೂಗಿನಿಂದ ಹೊಟ್ಟೆಗೆ ಇಳಿಸಿದ ಟ್ಯೂಬಿನಲ್ಲಿ ಕೊಡುವ ಆಹಾರ, ರಕ್ತನಾಳಕ್ಕೆ ನೇರ ಕೊಡುವ ಪೋಷಕ ದ್ರವ ಎಲ್ಲವೂ ಅದರಲ್ಲಿ ಬರುತ್ತವೆ. ‘ಒಳ್ಳೆಯ ಊಟ’ ಎಂದರೆ ಅಷ್ಟೆಲ್ಲ ಹಿಡಿಸುವುದಿಲ್ಲ.

ನನ್ನ ಒಲವು ಬರೀ ‘ಪೋಷಣೆ’ಯ ಕಡೆಗೆ. ಪಾಲನೆ ಪೋಷಣೆ ಎನ್ನುವಾಗ ಉಣಿಸುವುದೂ ಇದೆ, ನೋಡಿಕೊಳ್ಳುವುದೂ ಇದೆ. ಮತ್ತೊಂದು ಬೆಂಬಲದ ಬಾಲ ಯಾಕೆ? ‘ಆರೈಕೆ’ ಕೂಡ ಮನಸ್ಸಿನಲ್ಲಿದೆ. ಬಾಣಂತಿಯ ಆರೈಕೆ ಅಂದಾಗ ಯಾರೂ ಉಪವಾಸ ಕೆಡವುವುದನ್ನು ನೆನೆಯುವುದಿಲ್ಲ, ಅಲ್ವಾ? ‘ಪೋಷಣೆಯ ಆರೈಕೆ’ ಅಂದರೆ ಹೇಳಿದ್ದನ್ನೇ ಹೇಳಿದಂತೆ ಆಗುತ್ತದೆಯೇ, ತಿಳಿಸಿ.

ಕಟ್ಟುನಿಟ್ಟಾಗಿ ಬೇಡ ಅಂದಿರುವ ಪದ ಒಂದಿದೆ. ಮಾಂಸಖಂಡ ಕರಗುವುದಕ್ಕೆ ಯಾರೋ ‘ಸ್ನಾಯುಕ್ಷಯ’ ಎಂದು ಹಾಕಿದ್ದರು. ಪದ ಕಟ್ಟಿದ ರೀತಿಯಲ್ಲಿ ತಪ್ಪಿಲ್ಲ. ಆದರೆ ಶ್ವಾಸಕೋಶದ ಕಾಯಿಲೆಯ ಪುಸ್ತಕದಲ್ಲಿ ‘ಕ್ಷಯ’ ಕಂಡರೆ ಓದುವವರು ಟಿಬಿ ಎಂದೇ ತಿಳಿದು ಕಂಗಾಲಾಗುತ್ತಾರೆ. ‘ಮಾಂಸಖಂಡ ಕರಗುವುದು’ ಸಾಕು. ಹಾಗೇ ‘ತೂಕ ಇಳಿಕೆ’ಗೂ ಈಗ ಸಾಧನೆಯ ವಾಸನೆ ಬಂದಿದೆ. ‘ಸೊರಗುವುದು’ ಎಂದರೆ ಯಾರೂ ಖುಷಿಪಡುವುದಿಲ್ಲ.

ಕಾಯಿಲೆಯ ಹೆಸರೂ ಪೇಚಿನದೇ. ‘ಪ್ರತಿರೋಧಕ ಶ್ವಾಸಕೋಶ ರೋಗ’ ಎಂದು ಕೆಲವು ಕಡೆ ನೋಡಿದ್ದೇನೆ. ರೋಗ ಪ್ರತಿರೋಧಕ ಶಕ್ತಿ ಎಂದು ಕೇಳಿ ಕೇಳಿ, ಅದು ಯಾವುದೋ ಒಳ್ಳೆಯ ಗುಣ ಎನಿಸುತ್ತದೆ. ಇರುವುದು ಅಡಚಣೆ. ‘ದಮ್ಮು’ ಎಂದರೆ ಎಲ್ಲರಿಗೂ ಗೊತ್ತು, ಆದರೆ ಅದು ಆಸ್ತಮಾಕ್ಕೂ ಸಲ್ಲುತ್ತದೆ. ಅದಕ್ಕಿಂತ ಮಜಾ ಅಂದರೆ ‘ದಮ್ ಎಳೆಯೋದು’ ಸಿಗರೇಟು ಸೇದುವುದಕ್ಕೂ ಆಯಿತು. ಸಿಒಪಿಡಿಗೆ ದೊಡ್ಡ ಕಾರಣ ಹೊಗೆಯೇ. ಕಾರಣಕ್ಕೂ ಕಾಯಿಲೆಗೂ ಒಂದೇ ಪದ! ಸದ್ಯಕ್ಕೆ ಸಿಒಪಿಡಿ ಎಂದೇ ಇಟ್ಟುಕೊಂಡು, ಮೊದಲ ಸಲ ಬಂದಾಗ ‘ಉಸಿರಿನ ಹಾದಿ ಕಿರಿದಾಗುವ ಕಾಯಿಲೆ’ ಎಂದು ಬಿಡಿಸಿದ್ದೇನೆ.

ಎರಡನೆಯ ಕೈಪಿಡಿ ಬೇಗ ಮುಗಿಸುತ್ತೇನೆ. ‘ಮದ್ಯಪಾನ ಶಿಕ್ಷಣ’ ಬೇಡ. ಸಂಗೀತ ಶಿಕ್ಷಣ, ಯೋಗ ಶಿಕ್ಷಣದ ಸಾಲಿನಲ್ಲಿ ನಿಲ್ಲಿಸಿದರೆ ಕುಡಿಯುವುದನ್ನೇ ಕಲಿಸುವ ಹಾಗಿದೆ. (ಕೆಲವರು ‘ಮಧ್ಯಪಾನ’ ಎಂದೂ ಬರೆಯುತ್ತಾರೆ, ಅದರ ಕಥೆಯೇ ಬೇರೆ.) ‘ಕುಡಿತ’ವೂ ಹೊಂದುವುದಿಲ್ಲ, ಅದರಲ್ಲಿ ಚಟ ಆಗಲೇ ಸೇರಿಕೊಂಡಿದೆ. ಒಂದು ಸಲ ರುಚಿ ನೋಡಿದ ಹುಡುಗ, ಹುಡುಗಿ ಇದು ನಮಗಲ್ಲ ಎಂದು ಪುಟ ತಿರುವುತ್ತಾರೆ. ‘ಮದ್ಯ: ತಿಳಿದಿರಬೇಕಾದದ್ದು’ ಹೇಗೆ? ಮದ್ಯದೊಳಗಿನ ಅಮಲೇರಿಸುವ ವಸ್ತುವಿಗೆ ‘ಮದ್ಯಸಾರ’ ಎಂದು ಬೇರೆಯಾಗಿ ಇಟ್ಟಿದ್ದೇನೆ. ಯಾಕಂದರೆ ‘ಬಿಯರ್ ತಾನೇ’ ಅನ್ನುವವರಿಗೆ ಲೆಕ್ಕ ತೋರಿಸಬೇಕು. ಶೇ. 5ರ ಬಿಯರು 330 ಮಿಲಿ ಕುಡಿದರೆ ಸುಮಾರು 13 ಗ್ರಾಂ ಮದ್ಯಸಾರ. ಶೇ. 40ರ ವಿಸ್ಕಿ 30 ಮಿಲಿಯಲ್ಲಿ ಸುಮಾರು 9.5 ಗ್ರಾಂ.

ಆಸ್ಪತ್ರೆಯ ವಾರ್ಡಿನಲ್ಲಿ, ಆಹಾರ ತಜ್ಞರ ಜತೆ ಕೆಲಸ ಮಾಡಿದವರು ಇಲ್ಲಿದ್ದರೆ ಒಂದು ಪ್ರಶ್ನೆ. ಟ್ಯೂಬಿನಲ್ಲಿ ಆಹಾರ ಕೊಡುವುದನ್ನು ರೋಗಿಯ ಮನೆಯವರಿಗೆ ಹೇಳುವಾಗ ನೀವು ಬಾಯಲ್ಲಿ ಏನನ್ನುತ್ತೀರಿ? ‘ನಳಿಕೆಯೂಟ’ ಎಂದರೆ ನಗುತ್ತಾರಾ?